ಕಲಬುರಗಿಯಿಂದ ಒಂದು ದಿನದ ತಿರುಗಾಟ: ಮಧ್ಯಾಹ್ನದ ನೆರಳು ಎಲ್ಲಿದೆ ನೋಡಿ ಹೊರಡಿ

ಭಾನುವಾರ ಮನೆಮಂದಿಯೆಲ್ಲ ಎಲ್ಲಿಗಾದರೂ ಹೋಗಿಬರೋಣ ಅಂದರೆ ಕಲಬುರಗಿಯವರಿಗೆ ಹತ್ತಿರದಲ್ಲಿ ಸಮುದ್ರ ಇಲ್ಲ, ಮಲೆನಾಡೂ ಇಲ್ಲ. ಆದರೆ ನೂರು, ನೂರಿಪ್ಪತ್ತು ಕಿಲೋಮೀಟರ್ ಒಳಗೆ ಕೋಟೆ ಇದೆ, ಕಾಡಿದೆ, ನದಿ ಇದೆ, ಹಕ್ಕಿ ಬರುವ ಕೆರೆ ಇದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ರಾತ್ರಿ ಊಟಕ್ಕೆ ಮನೆಗೆ ವಾಪಸ್. ಯಾವ ಜಾಗ ಯಾರಿಗೆ ಹೊಂದುತ್ತದೆ, ಯಾವ ತಿಂಗಳಲ್ಲಿ ಎಲ್ಲಿಗೆ ಹೋಗಬಾರದು ಅನ್ನುವುದೇ ಪ್ರಶ್ನೆ.

ಜಾಗ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಅಲ್ಲಿ ನೋಡೋಕೆ ಏನಿದೆ ಅಂತ. ನಮ್ಮ ಕಡೆ ಅದಕ್ಕಿಂತ ಮೊದಲು ಇನ್ನೊಂದು ಕೇಳಬೇಕು: ಮಧ್ಯಾಹ್ನ 12ರಿಂದ 4ರವರೆಗೆ ಅಲ್ಲಿ ಎಲ್ಲಿ ಕೂರುತ್ತೀರಿ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 42 ಡಿಗ್ರಿ ದಾಟಿದಾಗ ಕೋಟೆಯ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಚಳಿಗಾಲದಲ್ಲೂ ನಡುಮಧ್ಯಾಹ್ನ ಬಯಲಲ್ಲಿ ಮಕ್ಕಳನ್ನು ಓಡಾಡಿಸಿದರೆ ಸಂಜೆಗೆ ತಲೆನೋವು ಖಾತ್ರಿ. ಆ ನಾಲ್ಕು ಗಂಟೆಗೆ ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಈ ಮೂರು ಸಿಗುವ ಜಾಗವಾದರೆ ದಿನ ಚೆನ್ನಾಗಿ ಹೋಗುತ್ತದೆ. ಕೆಳಗಿನ ಜಾಗಗಳನ್ನೆಲ್ಲ ಇದೇ ಅಳತೆಯಲ್ಲಿ ನೋಡಿದ್ದೇನೆ.

ಅರ್ಧ ದಿನ ಇದ್ದರೆ ಊರು ಬಿಡಬೇಡಿ

ಮನೆಯಲ್ಲಿ ಪುಟ್ಟ ಮಗು ಇದ್ದರೆ, ಅಥವಾ ಮುತ್ಯಾಗೆ (ಅಜ್ಜನಿಗೆ) ಮೊಣಕಾಲು ನೋವಿದ್ದರೆ ಕಲಬುರಗಿಯೊಳಗೇ ದಿನವನ್ನು ಎರಡು ತುಂಡು ಮಾಡಿಕೊಳ್ಳಿ. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಐದಕ್ಕೆ ಇನ್ನೊಂದು. ಮಧ್ಯಾಹ್ನ ಮನೆಯಲ್ಲಿ ಊಟ, ನಿದ್ದೆ.

ಬೆಳಗಿನ ಹೊತ್ತಿಗೆ ಕೋಟೆ ಒಳ್ಳೆಯದು. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಇದೇ ರಾಜಧಾನಿ. ಒಳಗಿನ ಜಾಮಿ ಮಸೀದಿ 1367ರದ್ದು. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದ್ದ ಮಸೀದಿ ಇದು, ನಮ್ಮ ದೇಶದಲ್ಲಿ ಇಂಥದ್ದು ತೀರಾ ಅಪರೂಪ. ಸಾಲು ಸಾಲು ಕಮಾನುಗಳ ಕೆಳಗೆ ನಿಂತರೆ ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಕಮಾನೇ. ಕೋಟೆಯ ಮೇಲೆ 29 ಅಡಿ ಉದ್ದದ ಬಾರಾ ಗಜಿ ತೋಪು, ಅಂದರೆ ಫಿರಂಗಿ ಇದೆ. ಮಕ್ಕಳು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ಹೋಗುತ್ತಾರೆ. ಮಸೀದಿ ಬಿಟ್ಟರೆ ಉಳಿದ ಕಡೆ ನೆರಳು ಕಡಿಮೆ. ಹತ್ತು ಗಂಟೆಯೊಳಗೆ ಇಳಿದುಬಿಡಿ.

ಸಂಜೆಗೆ ಎರಡು ದಾರಿ. ಗಾಳಿ ಬೇಕು, ಮಿರ್ಚಿ ಭಜಿ ಬೇಕು, ಜನರ ನಡುವೆ ಇರಬೇಕು ಅಂದರೆ ಶರಣಬಸವೇಶ್ವರ ಗುಡಿಯ ಹತ್ತಿರದ ಅಪ್ಪನ ಕೆರೆ. ಸದ್ದಿಲ್ಲದ ಜಾಗ ಬೇಕು ಅಂದರೆ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರ, 2009ರಲ್ಲಿ ತೆರೆದದ್ದು. ಅಲ್ಲಿ ಬಿಳಿ ಗುಮ್ಮಟದ ಮುಂದಿನ ವಿಶಾಲ ಅಂಗಳದಲ್ಲಿ ಸಂಜೆ ಕೂತರೆ ಮಕ್ಕಳೂ ದನಿ ತಗ್ಗಿಸಿ ಮಾತಾಡುತ್ತಾರೆ. ನನ್ನ ಮಾತು ಕೇಳಿದರೆ ಹುಡುಗರ ಜೊತೆ ಕೆರೆ, ಹಿರಿಯರ ಜೊತೆ ವಿಹಾರ. ಹಫ್ತ್ ಗುಂಬಜ್‌ನ ಗೋರಿಗಳಿಗೂ ಸಂಜೆ ಬೆಳಕು ಚಂದ. ಬಹಮನಿ ಸುಲ್ತಾನ ಫಿರೋಜ್ ಶಾಹನ ಜೋಡಿ ಗುಮ್ಮಟದ ಗೋರಿ ಇರುವುದು ಅಲ್ಲೇ, ಆದರೆ ಅದಕ್ಕೆ ಒಂದು ಗಂಟೆ ಸಾಕು.

ಪೂರ್ತಿ ದಿನ, ಮೂರು ತಲೆಮಾರು: ಬೀದರ್

ಮುತ್ಯಾ, ಆಯಿ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೆ ಹೊರಟರೆ ಯೋಚನೆ ಮಾಡದೆ ಬೀದರ್‌ಗೆ ಹೋಗಿ. ಸುಮಾರು 110 ಕಿಲೋಮೀಟರ್. ಕಲಬುರಗಿ ಸಮುದ್ರ ಮಟ್ಟದಿಂದ 450 ಮೀಟರ್ ಆಸುಪಾಸಿನಲ್ಲಿದ್ದರೆ ಬೀದರ್ 600 ಮೀಟರ್‌ಗಿಂತ ಮೇಲಿದೆ. ಆ ಎತ್ತರದ ವ್ಯತ್ಯಾಸ ಗಾಳಿಯಲ್ಲೇ ಗೊತ್ತಾಗುತ್ತದೆ. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಅಲ್ಲಿಗೆ ಸಾಗಿಸಿದ್ದಕ್ಕೆ ಹವೆ, ನೀರು ಎರಡೂ ಕಾರಣ ಅನ್ನುತ್ತಾರೆ. ಬೇಸಿಗೆಯಲ್ಲಿ ಹೊರಗೆ ಹೋಗಲೇಬೇಕು ಅಂದರೆ ನಾನು ಧೈರ್ಯವಾಗಿ ಹೇಳುವ ಜಾಗ ಇದೊಂದೇ.

ಕೋಟೆ ದೊಡ್ಡದು, ಅರ್ಧ ದಿನ ನುಂಗುತ್ತದೆ. ಕೆಂಪು ಜಂಬಿಟ್ಟಿಗೆಯ ನೆಲವನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ನೋಡಿಯೇ ಒಳಗೆ ಹೋಗಿ. ಕಡಿದ ಬಂಡೆಯ ಗೋಡೆಗಳು ಕಂದಕದ ನಡುವೆ ಹಾಗೇ ನಿಂತಿವೆ. ಒಳಗೆ ಸೋಲಾ ಖಂಬಾ ಮಸೀದಿ, ಗಗನ್ ಮಹಲ್, ತಖ್ತ್ ಮಹಲ್, ಅಡುಗೆಮನೆಗಳು, ಹಮಾಮು. ರಂಗೀನ್ ಮಹಲ್‌ನ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸವನ್ನು ಬಿಡಬೇಡಿ. ಅಂಥ ಕೋಣೆಗಳಿಗೆ ಬೀಗ ಇರುವುದೇ ಜಾಸ್ತಿ. ಪುರಾತತ್ವ ಇಲಾಖೆಯ ಸಿಬ್ಬಂದಿ ಅಲ್ಲೇ ಇರುತ್ತಾರೆ, ನಯವಾಗಿ ಕೇಳಿದರೆ ತೆಗೆದು ತೋರಿಸುತ್ತಾರೆ. ಕೇಳದೆ ವಾಪಸ್ ಬಂದವರು "ಕೋಟೆಯಲ್ಲಿ ಬರೀ ಗೋಡೆ" ಅನ್ನುವುದನ್ನು ಕೇಳಿ ನನಗೆ ಬೇಸರವಾಗುತ್ತದೆ.

ಹನ್ನೊಂದೂವರೆಗೆ ಕೋಟೆ ಬಿಟ್ಟು ಊರೊಳಗಿನ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾಕ್ಕೆ ಬನ್ನಿ. 1472ರ ಕಟ್ಟಡ. 17ನೇ ಶತಮಾನದ ಕೊನೆಗೆ ಆದ ಸ್ಫೋಟದಲ್ಲಿ ಅರ್ಧ ಮುಂಭಾಗ ಹೋಗಿದೆ. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ತುಂಡುಗಳು ಇವತ್ತಿಗೂ ಹೊಳೆಯುತ್ತವೆ.

ಈಗ ಮಧ್ಯಾಹ್ನ. ಉಳಿದೆಲ್ಲ ಜಾಗಗಳನ್ನು ಬೀದರ್ ಹಿಂದೆ ಹಾಕುವುದು ಈ ಹೊತ್ತಿನಲ್ಲೇ. ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾದಲ್ಲಿ ಬಂಡೆಯಿಂದ ಹರಿಯುವ ಸಿಹಿನೀರಿದೆ, ಯಾರು ಬಂದರೂ ಕೂರಿಸಿ ಬಡಿಸುವ ಲಂಗರ್ ಇದೆ, ತಂಪಾದ ಹಾಲ್ ಇದೆ, ಶುಚಿಯಾದ ಶೌಚಾಲಯ ಇದೆ. ತಲೆಗೆ ದಸ್ತಿ ಕಟ್ಟಿಕೊಂಡು, ಚಪ್ಪಲಿ ಬಿಟ್ಟು ಹೋಗಿ. ಊಟ ಮುಗಿದ ಮೇಲೆ ತಟ್ಟೆ ತೊಳೆಯುವ ಸೇವೆಗೆ ಮಕ್ಕಳನ್ನೂ ಸೇರಿಸಿ. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಅಲ್ಲಿಂದ ಎರಡು ಗಂಟೆಗೆ ಬರೀದ್ ಶಾಹಿ ಉದ್ಯಾನ. ಅಲಿ ಬರೀದನ ಗೋರಿ ನಾಲ್ಕೂ ಕಡೆ ತೆರೆದಿದೆ, ಗೋಡೆಯ ಬದಲು ದೊಡ್ಡ ಕಮಾನುಗಳು. ಎಂಥ ಬಿಸಿಲಲ್ಲೂ ನಡುವೆ ಗಾಳಿ ಆಡುತ್ತದೆ. ಸುತ್ತ ಮರ, ಹುಲ್ಲು. ಜಮಖಾನೆ ಹಾಸಿ ಒಂದು ಗಂಟೆ ಕಾಲು ಚಾಚಿ ಎದ್ದರೆ ಸಂಜೆಗೆ ಮೈ ಹಗುರ.

ನಾಲ್ಕಕ್ಕೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಸಿಡಿಲು ಬಡಿದು ಅರ್ಧ ಸೀಳಿಹೋದ ಹುಮಾಯೂನನ ಗುಮ್ಮಟದಲ್ಲಿ ಒಳಗಿನ ಗೋಡೆ ಎಷ್ಟು ದಪ್ಪ ಅಂತ ಹೊರಗಿನಿಂದಲೇ ಕಾಣುತ್ತದೆ. ಅಹಮದ್ ಶಾಹ ವಲಿಯ ಗೋರಿಯ ಒಳಗೆ ಚಾವಣಿ ತುಂಬ ಬಣ್ಣದ ಚಿತ್ರ, ಬರಹ. ಒಳಗೆ ಕತ್ತಲು. ನೋಡಿಕೊಳ್ಳುವವರು ಕನ್ನಡಿಯಿಂದ ಬಿಸಿಲನ್ನು ಒಳಗೆ ಹೊರಳಿಸಿ ಚಿತ್ರ ತೋರಿಸುತ್ತಾರೆ. ಹಾಗಾಗಿ ಸೂರ್ಯ ಇಳಿಯುವ ಮುಂಚೆ ಅಲ್ಲಿರಬೇಕು. ಈ ಸುಲ್ತಾನನನ್ನು ಹಿಂದೂಗಳು ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ, ಉರುಸಿಗೆ ಎರಡೂ ಕಡೆಯ ಜನ ಸೇರುತ್ತಾರೆ. ನಮ್ಮ ನಾಡಿನ ಈ ಮಾತನ್ನು ಮಕ್ಕಳಿಗೆ ಆ ಜಾಗದಲ್ಲೇ ನಿಂತು ಹೇಳಬೇಕು ಅಂತ ನನ್ನ ಆಸೆ.

ಬೀದರ್‌ನ ಪಟ್ಟಿ ಇನ್ನೂ ಉದ್ದ ಇದೆ: ನೌಬಾದ್‌ನ ಸುರಂಗ ಬಾವಿ, ಪಾಪನಾಶ, ನರಸಿಂಹ ಝರಣಿ. ಒಂದೇ ದಿನದಲ್ಲಿ ಎಲ್ಲ ತುರುಕಬೇಡಿ. ನರಸಿಂಹ ಝರಣಿ ಬಗ್ಗೆ ಮಾತ್ರ ಒಂದು ಮಾತು. ಸುಮಾರು 300 ಮೀಟರ್ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು, ತಲೆಯ ಮೇಲೆ ಬಾವಲಿಗಳು ನೇತಾಡುತ್ತಿರುತ್ತವೆ. ಗಟ್ಟಿಮುಟ್ಟಾದವರಿಗೆ ಇದು ಮರೆಯಲಾಗದ ಅನುಭವ. ಉಬ್ಬಸ ಇರುವವರು, ಹೃದಯದ ತೊಂದರೆ ಇರುವವರು, ಎತ್ತಿಕೊಳ್ಳುವ ಮಕ್ಕಳು ಒಳಗೆ ಹೋಗಬಾರದು. ಹಬ್ಬ, ರಜೆಯ ದಿನ ನೂಕುನುಗ್ಗಲು ಇದ್ದರೆ ಯಾರೂ ಹೋಗದಿರುವುದೇ ಲೇಸು. ನೀರು ನೋಡುವುದಷ್ಟೇ ಆಸೆಯಾದರೆ ಗುರುನಾನಕ್ ಝೀರಾ ಸಾಕು.

ಮಳೆಗಾಲದಲ್ಲಿ ಮಾತ್ರ: ಚಿಂಚೋಳಿ

ಬೀದರ್ ವರ್ಷವಿಡೀ ನಡೆಯುತ್ತದೆ. ಚಿಂಚೋಳಿಗೆ ಕಾಲ ಇದೆ. ಜುಲೈ ಕೊನೆಯಿಂದ ನವೆಂಬರ್‌ವರೆಗೆ ಅದರಂಥ ಜಾಗ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಇನ್ನೊಂದಿಲ್ಲ. ಫೆಬ್ರುವರಿ ಬಂತೆಂದರೆ ಸಾಗವಾನಿ ಎಲೆ ಉದುರಿಸಿ ಬೋಳಾಗುತ್ತದೆ, ಹಳ್ಳ ಒಣಗುತ್ತದೆ. ಆಗ ಹೋದವರಿಗೆ ಜಲಪಾತದ ಜಾಗದಲ್ಲಿ ಬರೀ ಕಲ್ಲು ಕಾಣುತ್ತದೆ.

ಕಲಬುರಗಿಯ ಎರೆಮಣ್ಣು ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ಅಲ್ಲಿಯ ಕೆಂಪು ಮಣ್ಣು, ಗುಡ್ಡ, ದಟ್ಟ ಹಸಿರು ಬೇರೆ ನಾಡಿಗೆ ಬಂದಹಾಗೆ ಅನಿಸುತ್ತದೆ. 2011ರಲ್ಲಿ ಇದನ್ನು ವನ್ಯಜೀವಿ ಧಾಮ ಎಂದು ಘೋಷಿಸಿದರು. ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಸಾಗವಾನಿ, ಶ್ರೀಗಂಧ, ರಕ್ತಚಂದನ ಇವೆ. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿ ಇವೆ, ಆದರೆ ಹಗಲು ಹೋಗಿ ಸಂಜೆ ಬರುವವರಿಗೆ ಅವು ಕಾಣುವುದು ಅದೃಷ್ಟ. ಹಕ್ಕಿ, ಚಿಟ್ಟೆ ಮಾತ್ರ ಬೇಕಾದಷ್ಟು. ಕಾಡಿನೊಳಗೆ ಲಂಬಾಣಿ ತಾಂಡಾಗಳಿವೆ. ಫೋಟೊ ತೆಗೆಯುವ ಮುಂಚೆ ಅಲ್ಲಿಯ ಹೆಣ್ಣುಮಕ್ಕಳನ್ನು ಕೇಳುವುದು ಮರ್ಯಾದೆ.

ಹೋಗಬೇಕಾದ ಜಾಗ ಮುಖ್ಯವಾಗಿ ಮೂರು. ಮೊದಲನೆಯದು ಚಂದ್ರಂಪಳ್ಳಿ ಜಲಾಶಯ. ಮುಲ್ಲಾಮಾರಿಗೆ ಸೇರುವ ಹಳ್ಳಕ್ಕೆ 1973ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ನಾಲ್ಕೂ ಕಡೆ ಗುಡ್ಡ, ನಡುವೆ ನೀರು. ಕಾರು ಹತ್ತಿರದವರೆಗೆ ಹೋಗುತ್ತದೆ, ಹಿರಿಯರಿಗೂ ಆಗುತ್ತದೆ. ಎರಡನೆಯದು ಗೊಟ್ಟಂಗೊಟ್ಟಿಯ ಕಾಡು. ನಡೆಯುವ ಆಸೆ ಇದ್ದವರಿಗೆ ಇದು. ಮೂರನೆಯದು ಎತ್ತಿಪೋತ ಜಲಪಾತ. ಮ್ಯಾಪ್‌ನಲ್ಲಿ ಹುಡುಕುವಾಗ ಎಚ್ಚರ, ಇದೇ ಹೆಸರಿನ ದೊಡ್ಡ ಜಲಪಾತ ಆಂಧ್ರದ ಮಾಚರ್ಲದ ಹತ್ತಿರ ಇದೆ. ಮ್ಯಾಪ್ ಅದನ್ನೇ ಮೊದಲು ತೋರಿಸಬಹುದು. ಹೆಸರಿನ ಜೊತೆ ಚಿಂಚೋಳಿ ಅಂತ ಸೇರಿಸಿ ಹುಡುಕಿ.

ಒಂದನ್ನೇ ನೋಡುವಷ್ಟು ಸಮಯ ಇದ್ದರೆ? ಮಕ್ಕಳು ಹತ್ತು ವರ್ಷಕ್ಕಿಂತ ಚಿಕ್ಕವರಾದರೆ ಚಂದ್ರಂಪಳ್ಳಿ ದಂಡೆ. ಕಾಲೇಜು ಹುಡುಗ ಹುಡುಗಿಯರಾದರೆ ಜಲಪಾತ. ಮಳೆ ಬಿದ್ದ ಎರಡು ಮೂರು ದಿನದ ಮೇಲೆ ಹೋಗಿ. ಮಳೆ ಸುರಿಯುವಾಗಲೇ ಹೋದರೆ ಹಾಸುಬಂಡೆ ಪಾಚಿಗಟ್ಟಿ ಜಾರುತ್ತದೆ, ಹಳ್ಳದ ನೀರು ಕ್ಷಣದಲ್ಲಿ ಏರುತ್ತದೆ.

ಮಧ್ಯಾಹ್ನದ ಲೆಕ್ಕಕ್ಕೆ ಬಂದರೆ, ಮಳೆಗಾಲದಲ್ಲಿ ಮರದ ನೆರಳು ಧಾರಾಳ, ಮೋಡವೂ ಇರುತ್ತದೆ. ಅದಕ್ಕೆ ಪೂರ್ತಿ ಅಂಕ. ಆದರೆ ಕಾಡಿನೊಳಗೆ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಜಲಪಾತದ ಹತ್ತಿರ ಶೌಚಾಲಯ ಇಲ್ಲ. ಚಿಂಚೋಳಿ ಪೇಟೆಯಲ್ಲೇ ಎಲ್ಲ ಮುಗಿಸಿಕೊಂಡು ಹೋಗಬೇಕು. ವಯಸ್ಸಾದ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಇದನ್ನು ಅವರಿಗೆ ಹೇಳಿಬಿಡಿ. ಗಂಡಸರು ಪ್ಲಾನ್ ಮಾಡುವಾಗ ಈ ವಿಷಯ ಯಾರ ತಲೆಗೂ ಬರುವುದಿಲ್ಲ, ದಿನವಿಡೀ ನೀರು ಕುಡಿಯದೆ ಕೂರುವ ಕಷ್ಟ ಮಾತ್ರ ಹೆಣ್ಣುಮಕ್ಕಳದ್ದು.

ಬುತ್ತಿಯಲ್ಲಿ ಹಾಳಾಗದ್ದನ್ನು ಕಟ್ಟಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ರಾತ್ರಿವರೆಗೂ ಕೆಡುವುದಿಲ್ಲ. ನೀರು ತಲೆಗೆ ಎರಡು ಲೀಟರ್ ಇರಲಿ. ಬಾಟಲಿ, ಪ್ಲಾಸ್ಟಿಕ್ ತಟ್ಟೆ ಎಲ್ಲ ಒಂದು ಚೀಲಕ್ಕೆ ತುಂಬಿ ವಾಪಸ್ ತನ್ನಿ. ಜಲಪಾತದ ಕಲ್ಲುಗಳ ನಡುವೆ ಒಡೆದ ಬಿಯರ್ ಬಾಟಲಿ ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಲ್ಲೇ ತಾಂಡಾದ ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ, ಅದೇ ನೀರನ್ನು ದನ ಕುಡಿಯುತ್ತವೆ. ಇದು ಧಾಮ, ಹಾಗಾಗಿ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ, ಅನುಮತಿ ಬೇಕಾದ ಕಡೆ ತೆಗೆದುಕೊಂಡೇ ಹೋಗಿ.

ದೂರ ಹೇಳುವುದಾದರೆ, ಕಲಬುರಗಿಯಿಂದ ಚಿಂಚೋಳಿಗೆ ಎಂಬತ್ತು ಕಿಲೋಮೀಟರ್ ದಾಟುತ್ತದೆ, ಚಂದ್ರಂಪಳ್ಳಿ ಸೇರಿದರೆ ನೂರರ ಆಸುಪಾಸು. ಬಸ್ಸಿನಲ್ಲಿ ಚಿಂಚೋಳಿವರೆಗೆ ಸುಲಭ, ಮುಂದಕ್ಕೆ ಸ್ವಂತ ಗಾಡಿ ಇದ್ದರೇ ಸರಿ.

ನದಿ ಬೇಕು ಅಂದರೆ: ಗಾಣಗಾಪುರವೋ ಸನ್ನತಿಯೋ

ಎರಡೂ ಭೀಮೆಯ ದಂಡೆ. ಆದರೆ ಎರಡು ಬೇರೆ ಬೇರೆ ದಿನ.

ಗಾಣಗಾಪುರ ಹತ್ತಿರ, ನಲವತ್ತು ಕಿಲೋಮೀಟರ್ ಚಿಲ್ಲರೆ. ಭೀಮಾ-ಅಮರ್ಜಾ ಸಂಗಮ ದತ್ತನ ಗುಡಿಯಿಂದ ಸ್ವಲ್ಪ ದೂರದಲ್ಲಿದೆ. ಅಲ್ಲಿ ಔದುಂಬರದ ನೆರಳಿದೆ, ಕಟ್ಟೆ ಇದೆ, ಊರಲ್ಲಿ ಊಟಕ್ಕೆ ಬೇಕಾದಷ್ಟು ಜಾಗ ಇದೆ. ಮಧ್ಯಾಹ್ನ ಮಧುಕರಿ ಬೇಡುವ ಭಕ್ತರನ್ನು ನೋಡಬಹುದು. ದೂರದ ಮಹಾರಾಷ್ಟ್ರದಿಂದ ಬಂದ ಅನುಕೂಲಸ್ಥರೂ ಜೋಳಿಗೆ ಹಿಡಿದು ಮನೆ ಮನೆ ಮುಂದೆ ನಿಲ್ಲುತ್ತಾರೆ. ಹಿರಿಯರಿಗೆ ಇದು ಹೇಳಿ ಮಾಡಿಸಿದ ಜಾಗ. ಗುರುವಾರ, ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಹೋದರೆ ಕೂರಲು ಜಾಗ ಸಿಗುತ್ತದೆ.

ಸನ್ನತಿ ಚಿತ್ತಾಪುರ ತಾಲ್ಲೂಕಿನದು, ಸುಮಾರು ಅರವತ್ತು ಕಿಲೋಮೀಟರ್. ಜನ ಕಡಿಮೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅದರ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವನ್ನು ಅಗೆದು ತೆಗೆದಾಗ ರಾಣಿಯ ಜೊತೆ ನಿಂತ ರಾಜನ ಕೆತ್ತನೆ ಬಂತು, ಪಕ್ಕದಲ್ಲಿ ಬ್ರಾಹ್ಮಿ ಅಕ್ಷರದಲ್ಲಿ "ರಾಯ ಅಶೋಕೋ" ಅಂತ ಹೆಸರು. ಅಶೋಕನ ಹೆಸರು ಬರೆದಿರುವ ಅಶೋಕನ ರೂಪ ಸಿಕ್ಕಿದ್ದು ನಮ್ಮ ಭೀಮೆಯ ದಂಡೆಯಲ್ಲಿ! ಇತಿಹಾಸದ ಪುಸ್ತಕ ಹಿಡಿದು ಕೂರುವ ವಯಸ್ಸಿನ ಮಕ್ಕಳಿದ್ದರೆ ಇಲ್ಲಿಗೇ ಕರೆತನ್ನಿ. ಗುಡಿಯ ಆವರಣದಲ್ಲಿ ನೆರಳು ಸಿಗುತ್ತದೆ, ಸ್ತೂಪದ ಹತ್ತಿರ ಬಯಲೇ ಬಯಲು. ಆದ್ದರಿಂದ ಮೊದಲು ಕನಗನಹಳ್ಳಿ, ಬಿಸಿಲೇರಿದ ಮೇಲೆ ಗುಡಿ. ಊಟ ಕಟ್ಟಿಕೊಂಡೇ ಹೋಗಿ.

ನೀರಿಗೆ ಇಳಿಯುವ ಮಾತು ಸ್ವಲ್ಪ ನಿಧಾನವಾಗಿ ಓದಿ. ಭೀಮೆಯ ನೀರು ನಮ್ಮ ಮಳೆಯನ್ನು ಕೇಳಿ ಏರುವುದಿಲ್ಲ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ, ಇತ್ತ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟಾಗ ಇಲ್ಲಿ ಆಕಾಶ ನಿಚ್ಚಳವಾಗಿದ್ದರೂ ಹೊಳೆ ತುಂಬುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದ ಪ್ರವಾಹ ದಂಡೆಯ ಊರುಗಳನ್ನೇ ಮುಳುಗಿಸಿತು. ಬೇಸಿಗೆಯಲ್ಲಿ ಇನ್ನೊಂದು ಅಪಾಯ. ಮರಳು ತೆಗೆದ ಗುಂಡಿಗಳು ಮೊಣಕಾಲು ನೀರಿನ ಕೆಳಗೆ ಬಾಯಿ ತೆರೆದಿರುತ್ತವೆ. ಒಂದು ಹೆಜ್ಜೆ ಮೊಣಕಾಲಿಗೆ, ಮುಂದಿನ ಹೆಜ್ಜೆ ತಲೆ ಮೇಲೆ. ಸ್ಥಳೀಯರು ಸ್ನಾನ ಮಾಡುವ ಘಟ್ಟದಲ್ಲೇ, ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ನೀರು ಹಾಕಿಕೊಳ್ಳಿ. ಈಜು ಬರುತ್ತದೆ ಅನ್ನುವ ಹುಡುಗರಿಗೇ ಇದನ್ನು ಎರಡು ಸಲ ಹೇಳಬೇಕು.

ಚಳಿಗಾಲದ ಬೆಳಗಿಗೆ: ಯಾದಗಿರಿ ಕೋಟೆ

ರೈಲು ಇಷ್ಟಪಡುವವರಿಗೆ, ಕಾಲು ಗಟ್ಟಿ ಇರುವವರಿಗೆ ಇದು. ಕಲಬುರಗಿ, ವಾಡಿ, ಯಾದಗಿರಿ ಮುಖ್ಯ ಮಾರ್ಗದ ಮೇಲಿವೆ. ದಿನವಿಡೀ ಗಾಡಿಗಳಿವೆ, ಒಂದೂಕಾಲು ಗಂಟೆ ಆಸುಪಾಸಿನ ದಾರಿ. ಊರ ನಡುವೆಯೇ ಎದ್ದ ಬಂಡೆಗುಡ್ಡ, ಸುಮಾರು 100 ಮೀಟರ್ ಎತ್ತರ. ಹತ್ತುತ್ತಾ ಬಾಗಿಲಿನ ಮೇಲೆ ಬಾಗಿಲು, ಮೇಲೆ ತೋಪುಗಳು, ಗುಡಿ, ಮಸೀದಿ, ಬಂಡೆಯ ನಡುವೆ ನೀರಿನ ಕೊಳಗಳು. ತುದಿಯಿಂದ ಊರೂ ಭೀಮೆಯೂ ಒಟ್ಟಿಗೆ ಕಾಣುತ್ತವೆ.

ಮಧ್ಯಾಹ್ನದ ಪರೀಕ್ಷೆಯಲ್ಲಿ ಮಾತ್ರ ಈ ಕೋಟೆ ಪೂರ್ತಿ ಸೋಲುತ್ತದೆ. ಮೇಲೆ ನೆರಳಿಲ್ಲ, ಕುಡಿಯುವ ನೀರಿಲ್ಲ, ಬಂಡೆ ಕಾದರೆ ಸಂಜೆಯಾದರೂ ಆರುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಬೆಳಗಿನ ಮೊದಲ ರೈಲಿಗೆ ಹೋಗಿ, ಹನ್ನೊಂದಕ್ಕೆ ಇಳಿದು, ಊರಲ್ಲಿ ಉಂಡು, ಮಧ್ಯಾಹ್ನದ ರೈಲಿಗೆ ವಾಪಸ್ ಬನ್ನಿ. ಮಾರ್ಚ್ ಮೇಲೆ ಬೇಡ. ಬೀದರ್ ಕೋಟೆಗೂ ಇದಕ್ಕೂ ಹೋಲಿಸಿದರೆ ಬೀದರ್‌ನಲ್ಲಿ ನೋಡುವ ಕಟ್ಟಡ ಜಾಸ್ತಿ, ಇಲ್ಲಿ ಹತ್ತುವ ಸುಖ ಜಾಸ್ತಿ. ಖರ್ಚಂತೂ ಇಲ್ಲಿ ತೀರಾ ಕಡಿಮೆ.

ಹಕ್ಕಿ ನೋಡುವವರು ಬೋನಾಳಕ್ಕೆ

ಸುರಪುರ ತಾಲ್ಲೂಕಿನ ಬೋನಾಳ ಕೆರೆ ನೂರು ಕಿಲೋಮೀಟರ್ ದಾಟುತ್ತದೆ. ಎಲ್ಲರಿಗೂ ಇದನ್ನು ಹೇಳುವುದಿಲ್ಲ. ದುರ್ಬೀನು ಹಿಡಿದು ಒಂದೇ ಕಡೆ ಎರಡು ಗಂಟೆ ಕೂರುವ ತಾಳ್ಮೆ ಇದ್ದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು, ಕೆಂಬರಲು ಕೊಕ್ಕರೆ, ನೀರುಬಾತುಗಳು ಕೆರೆಯಲ್ಲಿ ಇಳಿದಿರುತ್ತವೆ. ಬೆಳಗಾಗುವ ಮುಂಚೆ ದಂಡೆಯಲ್ಲಿದ್ದರೆ ಮಾತ್ರ ಫಲ. ಅದಕ್ಕೆ ಕಲಬುರಗಿಯನ್ನು ನಾಲ್ಕು ಗಂಟೆಗೆ ಬಿಡಬೇಕು. ಸಣ್ಣ ಮಕ್ಕಳಿಗೆ ಈ ಹೊತ್ತು ಹೊಂದುವುದಿಲ್ಲ. ವಾಪಸ್ ಬರುವಾಗ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್, ಶಹಾಪುರದ ಹತ್ತಿರ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಸಾಲು ದಾರಿಯಲ್ಲೇ ಸಿಗುತ್ತವೆ.

ಇವೆಲ್ಲಕ್ಕೂ ಮೊದಲಿನದು ಹೊಲ

ಎಳ್ಳಮಾಸಿಯ (ಎಳ್ಳ ಅಮಾವಾಸ್ಯೆಯ) ದಿನ ಇಷ್ಟೆಲ್ಲ ಲೆಕ್ಕ ಬೇಡ. ಹೊಲ ಇರುವ ನೆಂಟರೋ ಗೆಳೆಯರೋ ಕರೆದರೆ ಕೋಟೆ, ಕಾಡು ಎಲ್ಲ ಬಿಟ್ಟು ಅಲ್ಲಿಗೆ ಹೋಗಿ. ಚರಗ (ಹೊಲಕ್ಕೆ ನೈವೇದ್ಯ) ಚೆಲ್ಲಿ, ಬನ್ನಿಯ ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ. ಊರಿನ ಮಕ್ಕಳಿಗೆ ಜೋಳದ ಹೊಲದೊಳಗೆ ಕಣ್ಣುಮುಚ್ಚಾಲೆ. ಅದಾದ ಕೆಲವು ವಾರಕ್ಕೆ ಸೀತನಿ ಕಾಲ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ಶೇಂಗಾ ಹಿಂಡಿ ಜೊತೆ ತಿನ್ನುವುದು. ಟಿಕೆಟ್ ಇಲ್ಲ, ಪಾರ್ಕಿಂಗ್ ಇಲ್ಲ. ಹೊಲದವರ ಮನೆಗೆ ಒಂದು ಸಿಹಿ ಡಬ್ಬಿ ಹಿಡಿದುಕೊಂಡು ಹೋಗಿ, ಬೆಳೆ ತುಳಿಯದಂತೆ ಮಕ್ಕಳಿಗೆ ಮೊದಲೇ ಹೇಳಿ.

ಬಸ್ಸು, ರೈಲು, ಕ್ರೂಸರ್

ಮನೆಯಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇದ್ದರೆ ಬಸ್ಸೇ ಲಾಭ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಉಚಿತ. ಆಧಾರ್ ಕಾರ್ಡ್ ಜೊತೆಗಿರಲಿ. ಬೀದರ್, ಗಾಣಗಾಪುರ, ಯಾದಗಿರಿಗೆ ಬಸ್ಸಿನಲ್ಲಿ ಹೋಗಿ, ಊರೊಳಗೆ ಆಟೊ ಅಥವಾ ಟಂಟಂ ಹಿಡಿದರೆ ಸಾಕು.

ಬೀದರ್‌ಗೆ 2017ರಿಂದ ನೇರ ರೈಲು ಮಾರ್ಗ ಇದೆ. ಕಮಲಾಪುರ, ಹುಮನಾಬಾದ್ ಮೇಲೆ ಹೋಗುತ್ತದೆ, ನಡುವೆ ಮರಗುತ್ತಿ ಹತ್ತಿರ ಉದ್ದನೆಯ ಸುರಂಗ. ಮಕ್ಕಳಿಗೆ ಆ ಕತ್ತಲೇ ಅರ್ಧ ಪ್ರವಾಸ. ಆದರೆ ಗಾಡಿಗಳು ಕಡಿಮೆ. ಹೋಗುವಾಗ ರೈಲು, ಬರುವಾಗ ಬಸ್ಸು ಅಂತ ಇಟ್ಟುಕೊಂಡರೆ ಅಷ್ಟೂರಿನಲ್ಲಿ ಗಡಿಬಿಡಿ ಇರುವುದಿಲ್ಲ. ಕಾರಿನಲ್ಲಿ ಹೋಗುವವರು ಕಮಲಾಪುರದಲ್ಲಿ ನಿಲ್ಲಿಸಿ ಕೆಂಬಾಳೆ ಕೇಳಿ. ಭೌಗೋಳಿಕ ಗುರುತು ಸಿಕ್ಕ ಹಣ್ಣು ಅದು, ಬೇರೆ ಕಡೆ ಆ ರುಚಿ ಸಿಗುವುದಿಲ್ಲ.

ಹತ್ತು ಜನರ ಮೇಲಿದ್ದರೆ, ಚಿಂಚೋಳಿ ಅಥವಾ ಸನ್ನತಿಗೆ ಹೊರಟರೆ ಕ್ರೂಸರ್ ಜೀಪು ಬಾಡಿಗೆಗೆ ಮಾತಾಡಿ. ದರ ಮಾತಾಡುವಾಗ ಡೀಸೆಲ್, ಡ್ರೈವರ್ ಊಟ, ವಾಪಸ್ ಬರುವ ಹೊತ್ತು ಮೂರನ್ನೂ ಮೊದಲೇ ತೀರ್ಮಾನಿಸಿ. ಮಳೆಗಾಲದಲ್ಲಿ ಯಾವ ಗಾಡಿಯನ್ನೂ ಡಾಂಬರು ಬಿಟ್ಟು ಎರೆಹೊಲದ ದಾರಿಗೆ ಇಳಿಸಬೇಡಿ. ಆ ಮಣ್ಣು ಒಮ್ಮೆ ಚಕ್ರ ಹಿಡಿದರೆ ಟ್ರ್ಯಾಕ್ಟರ್ ಬರುವವರೆಗೂ ಬಿಡುವುದಿಲ್ಲ. ಚಿಂಚೋಳಿ ಕಾಡಿನಿಂದ ಐದು ಗಂಟೆಗೇ ಹೊರಡಿ. ರಾತ್ರಿ ಆ ರಸ್ತೆಯಲ್ಲಿ ದೀಪ ಕಡಿಮೆ, ಕಬ್ಬು, ತೊಗರಿ ಹೇರಿದ ಟ್ರ್ಯಾಕ್ಟರ್‌ಗಳು ಹಿಂದಿನ ಲೈಟ್ ಇಲ್ಲದೆ ಸಾಗುತ್ತಿರುತ್ತವೆ.